ಕಣ್ಣಿರುವ ಕರಟ

ಸ್ಟ್ರಾಬೆರಿ ಗಿಡ ಸಾಯುವುದಕ್ಕೆ ಹದಿನಾಲ್ಕು ಕಾರಣ ನನಗೆ ಗೊತ್ತು. ಅದರಲ್ಲಿ ಹನ್ನೊಂದನ್ನು ನನ್ನ ಕೈಯಾರೆ ಮಾಡಿಯೇ ಕಲಿತಿದ್ದೇನೆ. ಉಳಿದ ಮೂರು ಯಾವುವೆಂದರೆ ಇಲಿ, ಆಲಿಕಲ್ಲು, ಮತ್ತು ಒಂದು ಸಲ ಬೇಲಿ ಮುರಿದು ನುಗ್ಗಿದ ಎಮ್ಮೆ. ಈಗ ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರುವ ಹುಡುಗರು ಪರೀಕ್ಷೆ ಪಾಸು ಮಾಡಿಕೊಂಡು ಬರುತ್ತಾರೆ, ಗಿಡದ ಲ್ಯಾಟಿನ್ ಹೆಸರನ್ನು ತಡವರಿಸದೆ ಹೇಳುತ್ತಾರೆ. ಸಂತೋಷ. ಆದರೆ ಕುಕ್ಕರುಗಾಲಿನಲ್ಲಿ ಕೂತು ಮಣ್ಣು ಕೆದಕುವ ಈ ಉದ್ಯೋಗ ಒಳಗಿನಿಂದ ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಯಾವ ವರ್ಷ ಯಾವ ಬಡ್ತಿ ಬಂತು ಎಂದು ಬರೆದರೆ ನನ್ನ ಹೆಂಡತಿಯೂ ಓದಲಿಕ್ಕಿಲ್ಲ. ಅದಕ್ಕೇ ಸತ್ತ ಗಿಡಗಳ ವಿಷಯ ಬರೆಯುತ್ತೇನೆ, ಅವನ್ನು ಮತ್ತೆ ಬದುಕಿಸಿದವರ ವಿಷಯವನ್ನೂ ಬರೆಯುತ್ತೇನೆ.

ನನ್ನ ಹೆಸರು ಚನ್ನಬಸಪ್ಪ. ಅರಸೀಕೆರೆ ಕಡೆಯ ಎಲೆತೋಟದ ಮನೆತನ ನಮ್ಮದು. ತಾತ, ಅಪ್ಪ, ಚಿಕ್ಕಪ್ಪಂದಿರು ಎಲ್ಲರೂ ವೀಳ್ಯದೆಲೆ ಬೆಳೆದು ಬದುಕಿದವರು. ಎಲೆಬಳ್ಳಿಗೆ ವಯಸ್ಸಾದರೆ ನಾವು ಅದನ್ನು ಕಿತ್ತು ಬಿಸಾಡುವುದಿಲ್ಲ. ಆಸರೆಯ ಮರದಿಂದ ಮೆಲ್ಲಗೆ ಇಳಿಸಿ, ಬುಡದಲ್ಲಿ ಸುರುಳಿ ಸುತ್ತಿ, ಅದರ ಮೇಲೆ ಕೆರೆಯ ಗೋಡುಮಣ್ಣು ಮುಚ್ಚಿ, ತುದಿಯನ್ನಷ್ಟೇ ಹೊರಗೆ ಬಿಡುತ್ತೇವೆ. ಹೂತ ಬಳ್ಳಿ ಗೆಣ್ಣುಗೆಣ್ಣಿನಲ್ಲೂ ಬೇರು ಬಿಟ್ಟು ಮತ್ತೆ ಹರೆಯಕ್ಕೆ ಬರುತ್ತದೆ. ಬಳಲಿದ್ದಕ್ಕೆಲ್ಲ ಮಣ್ಣು ಕೊಡುವುದು ನಮ್ಮ ಮನೆಯಲ್ಲಿ ಮಾತು ಬರುವ ಮೊದಲೇ ಕೈಗೆ ಬಂದುಬಿಡುವ ಅಭ್ಯಾಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಎಲೆತೋಟ ಚಿಕ್ಕಪ್ಪಂದಿರ ಪಾಲಿಗೆ ಹೋಯಿತು. ನಾನು ಹಳೇಬೀಡಿನಿಂದ ಮಾದಿಹಳ್ಳಿಗೆ ಹೋಗುವ ರಸ್ತೆಯಲ್ಲಿದ್ದ ಒಂದು ಸಣ್ಣ ಸರ್ಕಾರಿ ಸಸ್ಯಕ್ಷೇತ್ರದಲ್ಲಿ ಮಾಲಿಯಾಗಿ ಸೇರಿದೆ. ಮಾವಿನ ಕಸಿ, ನಿಂಬೆ, ಬೇಲೂರಿನ ಪ್ರವಾಸಿ ಬಂಗಲೆಗೆ ಬೇಕಾದ ಹೂಗಿಡ, ಇಷ್ಟೇ ಅಲ್ಲಿನ ಕೆಲಸ. ಕೆಲವು ವರ್ಷಗಳಲ್ಲಿ ನಾನು ಮೇಸ್ತ್ರಿಯಾದೆ. ನನ್ನ ಕೈಕೆಳಗೆ ಏಳು ಜನ. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು. ಮೇಸ್ತ್ರಿ ಆದ ಮೇಲೆ ಅದಕ್ಕೆ ಸರ್ಕಾರದ ಬಲವೂ ಸಿಕ್ಕಿತು.

ನಮ್ಮ ಮೇಲಧಿಕಾರಿ ಶೇಷಗಿರಿ ರಾಯರು. ಮೈಸೂರಿನವರು, ಸಣಕಲು ದೇಹ, ತಲೆಯ ಮೇಲೆ ಯಾವಾಗಲೂ ಮಡಿಕೆ ಕೆಡದ ರುಮಾಲು. ಗಿಡ ನೋಡುವುದಕ್ಕೆ ನೆಲಕ್ಕೆ ಕೂರುವಾಗ ಮಾತ್ರ ಆ ರುಮಾಲನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು, ದೊಡ್ಡವರ ಎದುರು ಕೂತ ಹಾಗೆ. ಅವರು ಗಟ್ಟಿಯಾಗಿ ಬೈದದ್ದನ್ನು ನಾನು ಕೇಳಿಲ್ಲ. ಬೈದಿದ್ದರೆ ಎಷ್ಟೋ ಸಲ ನನಗೆ ಸುಲಭವಾಗುತ್ತಿತ್ತು. ಬೈಯುವ ಬದಲು ಅವರು ಒಂದು ಪುಸ್ತಕ ಇಟ್ಟಿದ್ದರು.

ಕೆಂಪು ಬಟ್ಟೆಯ ರಟ್ಟಿನ ದಪ್ಪ ಪುಸ್ತಕ. ಸಲಕರಣೆ ಕೊಟ್ಟಿಗೆಯಲ್ಲಿ ಗೂಟಕ್ಕೆ ನೇತುಹಾಕಿರುತ್ತಿತ್ತು. ಮೊದಲ ದಿನವೇ ನನ್ನ ಕೈಗೆ ಅದನ್ನು ಕೊಟ್ಟು ಹೇಳಿದರು: "ಬದುಕಿದ ಗಿಡ ಕಣ್ಣಿಗೆ ಕಾಣುತ್ತೆ ಕಣಪ್ಪ, ಅದನ್ನ ಬರೆಯೋದೇನಿದೆ? ಸತ್ತದ್ದನ್ನ ಬರಿ. ಯಾಕೆ ಸತ್ತಿತು ಅಂತ ಬರಿ. ಯಾರ ಕೈಲಿ ಅಂತಲೂ ಬರಿ." ಅದರಲ್ಲಿ ಬರೆದದ್ದನ್ನು ಹೊಡೆದುಹಾಕುವ ಹಾಗಿಲ್ಲ. ತಪ್ಪು ಬರೆದಿದ್ದರೆ, ಮೇಲಿನದು ತಪ್ಪು ಎಂದು ಅದರ ಕೆಳಗೆ ಬರೆಯಬೇಕು. ಆಳುಗಳು ಅದನ್ನು ಸಾವಿನ ಪುಸ್ತಕ ಎಂದು ಕರೆಯುತ್ತಿದ್ದರು, ಅದರ ಪಕ್ಕ ಎಲೆಯಡಿಕೆ ಕೂಡ ಹಾಕುತ್ತಿರಲಿಲ್ಲ.

ಸ್ಟ್ರಾಬೆರಿ ನಮ್ಮಲ್ಲಿಗೆ ಬಂದದ್ದು ರೈಲಿನಲ್ಲಿ. ನೀಲಗಿರಿಯಲ್ಲಿ ಕೆಲಸದಲ್ಲಿದ್ದ ರಾಯರ ಸ್ನೇಹಿತರೊಬ್ಬರು ಎರಡು ಡಜನ್ ಗಿಡಗಳನ್ನು ಪಾಚಿಯಲ್ಲಿ ಸುತ್ತಿ, ಬಿದಿರಿನ ಬುಟ್ಟಿಯಲ್ಲಿಟ್ಟು ಅರಸೀಕೆರೆ ಸ್ಟೇಷನ್ನಿಗೆ ಕಳಿಸಿದ್ದರು. ತರುವ ಕೆಲಸ ನನಗೆ ಬಿತ್ತು. ಆಷಾಢ ಮಾಸ. ಮಾಲೇಕಲ್ಲಿನ ಜಾತ್ರೆಗೆ ಹೋಗುವ ಜನ ಬಸ್ಸಿನ ಒಳಗೂ ಮೇಲೂ ತುಂಬಿದ್ದರು. ಅಂದು ನನಗೆ ಕಾಲಿಡಲು ಜಾಗ ಸಿಗಲಿಲ್ಲ, ಮಾರನೆಯ ದಿನವೂ ಸಿಗಲಿಲ್ಲ. ಸ್ಟೇಷನ್ನು ಮುಟ್ಟುವ ಹೊತ್ತಿಗೆ ಬುಟ್ಟಿ ಬಂದು ಎರಡು ದಿನ ಕಳೆದಿತ್ತು. ಗಿಡಗಳು ಒಣಗಿ ಹೋಗಿರುತ್ತವೆ, ಪುಸ್ತಕದಲ್ಲಿ ನನ್ನ ಹೆಸರು ಬರುತ್ತದೆ ಎಂದು ಹೆದರಿಕೊಂಡೇ ಪಾರ್ಸೆಲ್ ಆಫೀಸಿಗೆ ಹೋದೆ.

ಅಲ್ಲಿನ ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನಿಮ್ಮದೇ ಏನ್ರೀ ಆ ಸೊಪ್ಪು? ಅಲ್ಲಿದೆ ನೋಡಿ," ಎಂದರು. ಪ್ಯಾಸೆಂಜರುಗಳಿಗೆ ಕುಡಿಯುವ ನೀರಿಟ್ಟ ದೊಡ್ಡ ಹಂಡೆಯ ಕೆಳಗೆ, ಅದರ ನಲ್ಲಿಯಿಂದ ಒಂದೊಂದೇ ಹನಿ ಬೀಳುವ ಜಾಗದಲ್ಲಿ ಬುಟ್ಟಿ ಕೂತಿತ್ತು. "ಸಂದಿಯಲ್ಲಿ ಒಂದು ಎಲೆ ಇಣುಕ್ತಾ ಇತ್ತು ಕಣ್ರೀ, ಬಾಡಿತ್ತು. ಮನೇಲಿ ದಿನಾ ತುಳಸಿ ನೋಡಿ ಅಭ್ಯಾಸ, ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ," ಎಂದರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಬದುಕಿದ್ದವು. ಆ ಪುಣ್ಯಾತ್ಮರ ಹೆಸರನ್ನು ಕೇಳಬೇಕೆಂದು ಕೂಡ ನನಗೆ ಆಗ ಹೊಳೆಯಲಿಲ್ಲ. ಈಗ ಕೈಮುಗಿದರೆ ಯಾವ ದಿಕ್ಕಿಗೆ ಮುಗಿಯಬೇಕೋ ಗೊತ್ತಿಲ್ಲ, ಆದ್ದರಿಂದ ಅರಸೀಕೆರೆ ಸ್ಟೇಷನ್ನಿನ ಕಡೆಗೇ ಮುಗಿಯುತ್ತೇನೆ.

ಸ್ಟ್ರಾಬೆರಿಯನ್ನು ಬೀಜದಿಂದ ಬೆಳೆಸುವ ಗೋಜಿಗೆ ನಾವು ಹೋಗುತ್ತಿರಲಿಲ್ಲ. ಮುಂಗಾರು ಶುರುವಾದರೆ ತಾಯಿಗಿಡ ನೆಲದ ಮೇಲೆ ದಾರದಂಥ ಬಳ್ಳಿ ಬಿಡುತ್ತದೆ. ರಾಯರು ಅದಕ್ಕೆ ರನ್ನರ್ ಎನ್ನುತ್ತಿದ್ದರು, ನಾವು ಹಂಬು ಎಂದೆವು. ಅದು ಒಂದು ಗೇಣು ಹರಿದು ಒಂದು ಗಂಟು ಕಟ್ಟುತ್ತದೆ. ಗಂಟಿನ ಮೇಲೆ ಎರಡು ಎಲೆ, ಕೆಳಗೆ ಬೇರಿನ ಮೊಳಕೆ. ಅದೇ ಮರಿ. ಮರಿಯನ್ನು ಬಿಡಿಸಿ ಬೇರೆ ಕಡೆ ನೆಟ್ಟರೆ ಹೊಸ ಗಿಡ. ಕೇಳುವುದಕ್ಕೆ ಇಷ್ಟೇ. ನಾವು ಎಲೆಬಳ್ಳಿಯ ತುಂಡುಗಳ ಹಾಗೆ ಹಂಬುಗಳನ್ನು ಕತ್ತರಿಸಿ, ಬುಟ್ಟಿಗೆ ತುಂಬಿ, ಬೇರೆ ಪಾತಿಯಲ್ಲಿ ಊರುತ್ತಿದ್ದೆವು. ಅರ್ಧಕ್ಕರ್ಧ ಸಾಯುತ್ತಿದ್ದವು. ಅರ್ಧ ಬದುಕಿತಲ್ಲ ಎಂದು ನಾನು ಬೀಗುತ್ತಿದ್ದೆ, ರಾಯರು ಸತ್ತ ಅರ್ಧವನ್ನು ಬರೆಸುತ್ತಿದ್ದರು.

ಮೂರನೆಯ ಚಳಿಗಾಲಕ್ಕೆ ಒಂದು ಬುಟ್ಟಿ ಹಣ್ಣು ಬಂತು. ರಾಯರ ಆಸೆ ಏನೆಂದರೆ, ಈ ಸೀಮೆಯ ಸಣ್ಣ ಹಿಡುವಳಿಯವರು ಮನೆಯ ಹಿಂದೆ ಎರಡು ಪಾತಿ ಸ್ಟ್ರಾಬೆರಿ ಹಾಕಿ, ಅರಸೀಕೆರೆಯ ರೈಲಿನಲ್ಲಿ ಹಣ್ಣನ್ನು ಬೆಂಗಳೂರಿಗೆ ಕಳಿಸುವಂತಾಗಬೇಕು ಎಂದು. ಮೊದಲ ಬುಟ್ಟಿ ಕಟ್ಟುವ ಕೆಲಸವನ್ನು ನಾನೇ ಕೇಳಿ ಪಡೆದೆ. ಎಲೆ ಪೆಂಡಿ ಕಟ್ಟುವುದರಲ್ಲಿ ನಮ್ಮ ಮನೆಯವರನ್ನು ಮೀರಿಸಿದವರಿರಲಿಲ್ಲ. ಬಾಳೆಯೆಲೆ ಹಾಸಿ, ಹಣ್ಣು ಜೋಡಿಸಿ, ಮೇಲೆ ಮತ್ತೆ ಬಾಳೆಯೆಲೆ ಮುಚ್ಚಿ, ಮೊಣಕಾಲಿನಿಂದ ಒತ್ತಿ, ಬಾಳೆನಾರಿನಲ್ಲಿ ಬಿಗಿದೆ. ಅರಸೀಕೆರೆಯಲ್ಲಿ ಬಸ್ಸಿನಿಂದ ಇಳಿಸಿಕೊಂಡವರ ಪಂಚೆಯೆಲ್ಲ ಕೆಂಪಾಯಿತಂತೆ. ರಾಯರು ನನ್ನನ್ನು ನೋಡಿ, "ಚನ್ನಬಸಪ್ಪ, ಅದು ವೀಳ್ಯದೆಲೆ ಅಲ್ಲ," ಎಂದಷ್ಟೇ ಹೇಳಿ ಪುಸ್ತಕದ ಕಡೆ ಕೈ ತೋರಿಸಿದರು. ಆ ಮಾತನ್ನು ನಾನು ಹಣೆಯ ಮೇಲೆ ಬರೆದುಕೊಂಡಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಹಣ್ಣು ಬಿಡುವ ಕಾಲದಲ್ಲಿ ಅಲ್ಲೊಂದು ಇಲ್ಲೊಂದು ಹಂಬು ಹೊರಟರೆ ಅದನ್ನು ಚಿವುಟಿ ಹಾಕಬೇಕು. ಇಲ್ಲದಿದ್ದರೆ ಗಿಡದ ಕಸುವೆಲ್ಲ ಹಂಬಿಗೆ ಹೋಗಿ ಹಣ್ಣು ಸೊರಗುತ್ತದೆ. ಚಿವುಟಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿಸುತ್ತಿದ್ದೆ. ಆ ಕೆಲಸ ಕೆಂಪಮ್ಮನದು. ಮಾದಿಹಳ್ಳಿಯಿಂದ ನಡೆದು ಬಂದು ದಿನಗೂಲಿಗೆ ಕಳೆ ಕೀಳುತ್ತಿದ್ದ ಹೆಂಗಸು, ಆ ಏಳು ಜನರ ಲೆಕ್ಕಕ್ಕೆ ಸೇರಿದವಳಲ್ಲ, ಗಂಡ ಇಲ್ಲ, ನನಗಿಂತ ಏಳೆಂಟು ವರ್ಷ ದೊಡ್ಡವಳು. ಮಾತು ಕಡಿಮೆ, ಕೈ ಚುರುಕು. ಒಂದು ಸಂಜೆ ಎಲ್ಲರೂ ಮನೆಗೆ ಹೊರಟಾಗ ಅವಳ ಮಡಿಲಿನಿಂದ ಒಂದು ಹಸಿರು ಕುಡಿ ಇಣುಕಿದ್ದು ನನ್ನ ಕಣ್ಣಿಗೆ ಬಿತ್ತು.

"ಏನದು ಮಡಿಲಲ್ಲಿ?"

"ಹಂಬು ಕಣ್ರಪ್ಪ. ಗುಂಡಿಗಾಕು ಅಂದಿದ್ರಲ್ಲ, ಅದೇಯ. ಉಸ್ರಿರೋ ಕುಡಿ, ತಿಪ್ಪೆಗಾಕಾಕೆ ಕೈ ಬರ್ಲಿಲ್ಲ."

"ಗುಂಡಿಗೆ ಹೋದರೂ ಅದು ಸರ್ಕಾರದ ಗಿಡ. ಕಳ್ಳಿ! ಎಷ್ಟು ದಿನದಿಂದ ನಡೀತಿದೆ ಇದು?"

ಏಳು ಜನರೂ ನಿಂತು ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆ ಎಂದೇ ನನ್ನ ದನಿ ಇನ್ನಷ್ಟು ಏರಿತು. ಮಡಿಲಲ್ಲಿದ್ದುದನ್ನು ಕಸಿದುಕೊಂಡು ಗುಂಡಿಗೆ ಎಸೆದೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದೆ. ಅವಳು ಸೆರಗನ್ನು ಕೊಡವಿ ಸರಿಮಾಡಿಕೊಂಡು ಮಾದಿಹಳ್ಳಿ ದಾರಿ ಹಿಡಿದಳು. ನಾನು ಒಳಗೆ ಹೋಗಿ ಪುಸ್ತಕ ತೆಗೆದು ಬರೆದೆ: "ಕೆಂಪಮ್ಮ, ಮಾದಿಹಳ್ಳಿ. ಸ್ಟ್ರಾಬೆರಿ ಹಂಬಿನ ಕಳವು. ಕೆಲಸದಿಂದ ಬಿಡಿಸಲಾಗಿದೆ." ಕೆಳಗೆ ರುಜು ಹಾಕಿದೆ.

ಮಾರನೆಯ ದಿನ ರಾಯರು ಅದನ್ನು ಓದಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದರು. "ಇದು ಸತ್ತ ಗಿಡಗಳ ಪುಸ್ತಕ ಕಣಯ್ಯ. ಈ ಗಿಡ ಸತ್ತಿದೆ ಅಂತ ನಿನಗೆ ಗೊತ್ತೇನು?" ಎಂದರು. ಆ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. "ಅವಳನ್ನ ಕರೆಸು," ಎಂದೂ ಹೇಳಿದರು. ನಾನು ಹೂಂ ಎಂದೆ, ಕರೆಸಲಿಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮೇಸ್ತ್ರಿಗೆ ಅವಮಾನ ಎಂದು ನನ್ನ ತಲೆಯಲ್ಲಿ ಕೂತಿತ್ತು.

ಯುಗಾದಿಯ ಹೊತ್ತಿಗೆ ಮೇಲಿನಿಂದ ಒಂದು ಕಾಗದ ಬಂತು. ರಾಯರು ನಮ್ಮೆಲ್ಲರನ್ನೂ ಬಾವಿಯ ಹತ್ತಿರ ಕೂರಿಸಿ ಓದಿ ಹೇಳಿದರು. ಇಷ್ಟು ವರ್ಷವಾದರೂ ಈ ಜಾಗದಿಂದ ಹೇಳಿಕೊಳ್ಳುವಂಥದ್ದೇನೂ ಬಂದಿಲ್ಲ. ಮುಂದಿನ ಚಳಿಗಾಲದಲ್ಲಿ ದೊಡ್ಡ ಅಧಿಕಾರಿಗಳು ಬಂದು ನೋಡುತ್ತಾರೆ. ಆಗ ರಾಯರು ಹೇಳುತ್ತಿರುವ ಸ್ಟ್ರಾಬೆರಿ ಪಾತಿ ತುಂಬ ಹಣ್ಣು ಬಿಟ್ಟು ಕಾಣದಿದ್ದರೆ ಸಸ್ಯಕ್ಷೇತ್ರವನ್ನು ಮುಚ್ಚಲಾಗುವುದು. ಏಳು ಜನರ ಮನೆಯ ಒಲೆ ನಮ್ಮಲ್ಲಿದ್ದ ಎರಡೇ ಸ್ಟ್ರಾಬೆರಿ ಪಾತಿಗಳ ಮೇಲೆ ನಿಂತಿತು. ನನ್ನ ಮನೆಯದೂ ಸೇರಿ ಎಂಟು.

ಹಾಗಿರುವಾಗ ಮುಂಗಾರಿನಲ್ಲಿ ರಾಯರ ಹೆಂಡತಿಗೆ ಕಾಯಿಲೆ ಜೋರಾಗಿ ಅವರು ಒಂದೂವರೆ ತಿಂಗಳು ರಜೆ ಹಾಕಿ ಮೈಸೂರಿಗೆ ಹೋದರು. ಹೋಗುವಾಗ ಪಾತಿಗಳ ಮುಂದೆ ನಿಂತು, "ನೋಡ್ಕೋ ಚನ್ನಬಸಪ್ಪ," ಎಂದರು. ಅಷ್ಟೇ. ಮೊದಲ ಮಳೆ ಚೆನ್ನಾಗಿ ಬಂದು ಆಮೇಲೆ ಹತ್ತು ದಿನ ಬಿಸಿಲು ಕಾಯಿತು. ಗಿಡಗಳು ಜೋಲುಬಿದ್ದವು. ಹಳೆಯ ಗಿಡಗಳಾದ್ದರಿಂದ ಬುಡ ಮೇಲೆದ್ದು ಬೇರು ಹೊರಗೆ ಕಾಣುತ್ತಿತ್ತು. ನೋಡಿದ ಕೂಡಲೇ ನನ್ನ ಕೈ ನಮ್ಮ ತಾತನ ಕೈಯಾಗಿಬಿಟ್ಟಿತು. ಕೆರೆಯಿಂದ ಒಂದು ಗಾಡಿ ಗೋಡು ಹೊಡೆಸಿದೆ. ಒಂದೊಂದೇ ಗಿಡದ ಹಂಬುಗಳನ್ನು ಬುಡಕ್ಕೆ ಸುರುಳಿ ಸುತ್ತಿ, ಮೇಲೆ ಗೋಡು ಮುಚ್ಚಿ, ಎಲೆಯ ತುದಿಗಳನ್ನಷ್ಟೇ ಹೊರಗೆ ಬಿಟ್ಟೆ. ಎರಡು ಪಾತಿ ಮುಗಿಸಲು ಮೂರು ದಿನ ಹಿಡಿಯಿತು. ಯಾರ ಕೈಯಲ್ಲೂ ಮಾಡಿಸಲಿಲ್ಲ, ಎಲ್ಲ ನಾನೇ ಮಾಡಿದೆ. ರಾಯರು ಬಂದು ಬೆನ್ನು ತಟ್ಟುವುದು ನನ್ನ ಕಣ್ಣ ಮುಂದೆ ಕಟ್ಟಿತ್ತು.

ಆಮೇಲೆ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಹತ್ತನೆಯ ದಿನ ಒಂದು ಎಲೆ ಹಳದಿಯಾಗಿದೆಯೆಂದು ಮೆಲ್ಲಗೆ ಎಳೆದೆ. ಎಲೆಯ ಜೊತೆ ಗಿಡದ ನೆತ್ತಿಯೇ ಕೈಗೆ ಬಂತು, ಕಪ್ಪಗೆ ಕೊಳೆತು, ನಾರುತ್ತಾ. ಪಕ್ಕದ್ದನ್ನು ಎಳೆದೆ, ಅದೂ ಬಂತು. ಮಧ್ಯಾಹ್ನದ ಹೊತ್ತಿಗೆ ಎರಡು ಪಾತಿಯಲ್ಲಿ ಒಂದು ಗಿಡವೂ ಉಳಿದಿಲ್ಲವೆಂದು ಗೊತ್ತಾಯಿತು. ಹೊಸಬರು ಇದನ್ನು ತಿಳಿದುಕೊಳ್ಳಿ: ಸ್ಟ್ರಾಬೆರಿಯ ಬೇರು ಮಣ್ಣಿನಲ್ಲಿರಬೇಕು, ಎಲೆ ಹುಟ್ಟುವ ನೆತ್ತಿ ಗಾಳಿಯಲ್ಲಿರಬೇಕು. ನೆತ್ತಿಗೆ ಮಣ್ಣು ಬಿದ್ದರೆ ಅದು ಮುಗಿದ ಹಾಗೆ. ಎಲೆಬಳ್ಳಿಗೆ ಕೊಡುವ ಮದ್ದು ಇದಕ್ಕೆ ವಿಷ. ಯಾವ ಪುಸ್ತಕವನ್ನೂ ಓದದವನು ಕೂಡ ಈ ತಪ್ಪು ಮಾಡುತ್ತಿರಲಿಲ್ಲ. ಎಲೆತೋಟದವನಾದ್ದರಿಂದಲೇ ನಾನು ಮಾಡಿದೆ.

ರಾಯರು ಶ್ರಾವಣದಲ್ಲಿ ಬಂದರು. ಪಾತಿಯ ಪಕ್ಕ ಕೂತು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಂದು ಬುಡವನ್ನು ಕಿತ್ತು ಮೂಸಿ ನೋಡಿದರು.

"ಗೋಡು ಹಾಕಿದೆಯಾ?"

"ಹೂಂ ಸ್ವಾಮಿ."

"ನೆತ್ತಿ ಮುಚ್ಚಿದೆಯಾ?"

"ಹೂಂ."

"ಎಲೆಬಳ್ಳಿ ಅಂದ್ಕೊಂಡೆ ನೀನು," ಎಂದು ತಮಗೆ ತಾವೇ ಹೇಳಿಕೊಂಡರು. ನನಗೆ ಅಳು ಬಂತು, ಮರೆಮಾಚದೆ ಅತ್ತೆ. ಅವರು ನನ್ನ ಕಡೆ ನೋಡದೆ, "ಪುಸ್ತಕ ತಗೊಂಡು ಬಾ," ಎಂದರು.

ಬರೆದೆ. ಎರಡು ಪಾತಿ ಪೂರ್ತಿ, ನೆತ್ತಿ ಮುಚ್ಚಿದ್ದರಿಂದ ಕೊಳೆತು, ಚನ್ನಬಸಪ್ಪನ ಕೈಯಲ್ಲಿ. ಹೊಸ ಗಿಡ ತರಿಸೋಣವೆಂದರೆ ನೀಲಗಿರಿಯ ಸ್ನೇಹಿತರು ಕೆಲಸ ಬಿಟ್ಟು ಊರು ಸೇರಿ ವರ್ಷವಾಗಿತ್ತು. ಬೇರೆಡೆ ಬರೆದು ತರಿಸುವಷ್ಟರಲ್ಲಿ ನೆಡುವ ಕಾಲ ಕಳೆದುಹೋಗುತ್ತದೆ. ರಾಯರು ಪುಸ್ತಕದ ಹಾಳೆಗಳನ್ನು ಸುಮ್ಮನೆ ಹಿಂದಕ್ಕೆ ಮಗುಚುತ್ತಿದ್ದವರು ಒಂದು ಕಡೆ ನಿಂತರು. ಕೆಂಪಮ್ಮನ ಪುಟ.

"ಈಕೆ ತಗೊಂಡು ಹೋದ ಹಂಬು ಏನಾಯ್ತು?"

"ಎಲ್ಲಾ ಕಿತ್ಕೊಂಡು ಗುಂಡಿಗೆ ಹಾಕಿದೆ ಸ್ವಾಮಿ."

"ಎಲ್ಲಾ? ಎಣಿಸಿದೆಯೇನು? ಹೋಗಿ ಕೇಳು."

"ನಾನಾ ಸ್ವಾಮಿ?"

"ಮತ್ತೆ ನಾನಾ?"

ಮಾದಿಹಳ್ಳಿಗೆ ಆ ದಿನ ನಡೆದಷ್ಟು ದೂರ ನಾನು ಜನ್ಮದಲ್ಲಿ ನಡೆದಿಲ್ಲ, ದಾರಿ ಇದ್ದಷ್ಟೇ ಇದ್ದರೂ. ಇರಬಾರದು ಎಂದು ಒಂದು ಮನಸ್ಸು. ಗಿಡ ಇಲ್ಲದಿದ್ದರೆ ಅವಳ ಮುಂದೆ ತಲೆ ತಗ್ಗಿಸುವ ಕೆಲಸವಿಲ್ಲ. ಇರಲಿ ದೇವರೇ ಎಂದು ಇನ್ನೊಂದು ಮನಸ್ಸು. ಊರಂಚಿನಲ್ಲಿ ಅವಳ ಮನೆ. ಹಿತ್ತಿಲಿನ ಮೋಟು ಮಣ್ಣುಗೋಡೆ ದೂರದಿಂದಲೇ ಕಂಡಿತು. ಗೋಡೆಯ ಮೇಲೆ ಉದ್ದಕ್ಕೂ ತೆಂಗಿನ ಕರಟಗಳ ಸಾಲು. ಪ್ರತಿ ಕರಟದಲ್ಲೂ ಮೂರೆಲೆಯ ಹಸಿರು ಗೊಂಚಲು. ನಾನು ಬೇಲಿಯ ಹೊರಗೇ ನಿಂತುಬಿಟ್ಟೆ.

"ಬನ್ನಿ ಮೇಸ್ತ್ರಪ್ಪ," ಎಂದು ಅವಳೇ ಕರೆದಳು. ಚೊಂಬಿನಲ್ಲಿ ನೀರು ಕೊಟ್ಟಳು, ಜೊತೆಗೆ ಒಂದು ಚೂರು ಬೆಲ್ಲ. ಕುಡಿದೆ. ಚೊಂಬು ಕೆಳಗಿಟ್ಟೆ. ಅವಳೇ ಕೇಳಿದಳು: "ಗಿಡ ಎಲ್ಲ ಹೋದ್ವಂತೆ?"

"ಹೋದ್ವು ಕೆಂಪಕ್ಕ. ನಾನೇ ಕೊಂದೆ."

"ಇವತ್ತು ಅಕ್ಕ ಆದ್ನಾ?" ಎಂದು ನಕ್ಕಳು. ಆ ನಗುವಿನಲ್ಲಿ ಚುಚ್ಚು ಇತ್ತು, ಇರಬೇಕಾದದ್ದೇ.

ನಾನು ಹಂಬು ಕಸಿದುಕೊಂಡ ಆ ಸಂಜೆ ಅವಳು ಮನೆಗೆ ಬಂದು ಸೀರೆ ಕೊಡವಿದಾಗ ಮಡಿಕೆಯಲ್ಲಿ ಮೂರು ಕುಡಿ ಸಿಕ್ಕಿಕೊಂಡಿದ್ದವಂತೆ. ನೆಲದಲ್ಲಿಟ್ಟರೆ ಕೋಳಿ ಕೆದಕುತ್ತದೆ ಎಂದು ಗೋಡೆಯ ಮೇಲೆ ಹಳೆಯ ಮಡಕೆಯಲ್ಲಿಟ್ಟಳು. ಮೂರೂ ಬದುಕಿ, ಮುಂಗಾರಿಗೆ ಹಂಬು ಬಿಟ್ಟವು. ಹಂಬು ಗೋಡೆಯ ಮೇಲೆ ಹರಿದರೂ ಮರಿ ಬೇರೂರಲು ಮಣ್ಣಿಲ್ಲ. ಆಗ ಅವಳು ಮರಿ ಬಂದು ಕೂರುವ ಜಾಗಕ್ಕೆ ಮಣ್ಣು ತುಂಬಿದ ಒಂದೊಂದು ಕರಟ ಒಡ್ಡಿದಳು. ಗಾಳಿಗೆ ಅಲ್ಲಾಡದಿರಲೆಂದು ಹಂಬಿನ ಮೇಲೆ ಒಂದು ಸಣ್ಣ ಬಳಪದ ಕಲ್ಲಿನ ಚೂರು ಇಟ್ಟಳು. ಹಳೇಬೀಡಿನಲ್ಲಿ ವಿಗ್ರಹ ಕೆತ್ತುವವರ ಮನೆಯ ಮುಂದೆ ಅಂಥ ಚೂರುಗಳಿಗೆ ಬರವಿರಲಿಲ್ಲ.

ನಾನು ಒಂದು ಕರಟ ಎತ್ತಿ ತಿರುಗಿಸಿ ನೋಡಿದೆ. ಅಡಿಯಲ್ಲಿ ತೂತಿತ್ತು.

"ಕಣ್ಣಿರೋ ಹೋಳೇ ಆಗ್ಬೇಕು ಕಣ್ರಪ್ಪ," ಎಂದಳು. "ಕಾಯಿ ಒಡದ್ರೆ ಒಂದು ಹೋಳಿಗೆ ಕಣ್ಣಿರ್ತದೆ, ಇನ್ನೊಂದ್ಕಿಲ್ಲ. ಕಣ್ಣು ಚುಚ್ಚಿದ್ರೆ ನೀರು ಇಳ್ದೋಯ್ತದೆ. ಕಣ್ಣಿಲ್ದ ಹೋಳಲ್ಲಿ ಎರಡಿಟ್ಟಿದ್ದೆ, ಕೊಳ್ತೋದ್ವು. ಆಮೇಕೆ ಇನ್ನೊಂದು ಐತೆ. ಮರಿ ಕಾಲೂರೋಗಂಟ ಹಂಬು ಕೊಯ್ಬಾರ್ದು. ತಾಯಿ ತಾವ್ಲೇ ಇರ್ಬೇಕು. ನೀವು ಕೊಯ್ದು ಬುಟ್ಟಿಗಾಕ್ತಿದ್ರಲ್ಲ, ಎಳೇ ಕೂಸಿಗೆ ಹಾಲು ಬಿಡ್ಸಿದಂಗೆ ಅದು. ನಂಗೆ ಹೊಟ್ಟೆ ಉರೀತಿತ್ತು."

ಮೂರು ವರ್ಷ ಅರ್ಧಕ್ಕರ್ಧ ಗಿಡ ಸತ್ತದ್ದಕ್ಕೆ ಕಾರಣ ನನ್ನ ಪಕ್ಕದಲ್ಲೇ ಕಳೆ ಕೀಳುತ್ತಿದ್ದವಳಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ. ಗೋಡೆಯ ಮೇಲೆ ಮೂರು ತಾಯಿಗಿಡ, ಇಪ್ಪತ್ತು ಮರಿ. ಕೊಡು ಎಂದು ಕೇಳುವ ಬದಲು ಅವನ್ನೇ ಎರಡೆರಡು ಸಲ ಎಣಿಸಿದೆ. ಅವಳೇ ಹೇಳಿದಳು.

"ಎಲ್ಲಾನೂ ತಕ್ಕೊಂಡೋಗಿ. ನಂಗೇನೂ ಬ್ಯಾಡ. ಏಳು ಜನದ ಮುಂದೆ ಕಳ್ಳಿ ಅಂದ್ರಿ. ಅವತ್ತಿಂದ ಊರಲ್ಲಿ ನನ್ನ ಕೂಲಿಗೂ ಕರೀತಿಲ್ಲ, ಯಾರ ಹಿತ್ಲಿಗೋದ್ರೂ ಹಿಂದೇನೇ ಬಂದು ನಿಂತ್ಕತ್ತಾರೆ. ಅದೇ ಏಳು ಜನದ ಮುಂದೆ, ಅಲ್ಲ ಅನ್ನಿ. ಪುಸ್ತಕದಾಗೂ ಬರ್ದವ್ರೆ ಅಂತ ಕೇಳ್ದೆ. ಅಲ್ಲೂ ಬರೀರಿ."

ಮಾರನೆಯ ಬೆಳಿಗ್ಗೆ ಅವಳು ಬಂದಳು. ಕರಟಗಳನ್ನು ಮೊರದಂಥ ಅಗಲ ಬುಟ್ಟಿಯಲ್ಲಿ ಜೋಡಿಸಿ ತಲೆಯ ಮೇಲೆ ಹೊತ್ತು, ಹಿಂದೆ ಅವಳ ತಮ್ಮ ಮೂರು ತಾಯಿಗಿಡಗಳನ್ನು ಹಿಡಿದು. ಬುಟ್ಟಿಯನ್ನು ಕೊಟ್ಟಿಗೆಯ ಮುಂದೆ ಇಳಿಸಿದಳು, ಆದರೆ ಕೈ ಅದರ ಮೇಲೇ ಇತ್ತು. ಆಳುಗಳೆಲ್ಲ ಸೇರಿದರು. ರಾಯರು ದೂರದಲ್ಲಿ ನಿಂಬೆಯ ಸಾಲಿನಲ್ಲಿ ಏನೋ ನೋಡುತ್ತಿರುವವರ ಹಾಗೆ ನಿಂತಿದ್ದರು. ನಾನು ಪುಸ್ತಕ ತೆಗೆದು ಆ ಪುಟದಲ್ಲಿ ನನ್ನ ರುಜುವಿನ ಕೆಳಗೆ ಬರೆದೆ: "ಮೇಲಿನದು ತಪ್ಪು. ಕೆಂಪಮ್ಮ ಕದ್ದಿಲ್ಲ. ನಾನು ಎಸೆದ ಗಿಡವನ್ನು ಉಳಿಸಿದವಳು ಅವಳು. ನಾನು ಕೊಂದ ಗಿಡಕ್ಕೆ ಬದಲು ಕೊಟ್ಟವಳೂ ಅವಳೇ. ಚನ್ನಬಸಪ್ಪ."

"ಓದಿ," ಎಂದಳು.

ಗಂಟಲಲ್ಲೇ ಓದಿದೆ.

"ಜೋರಾಗಿ ಓದಿ ಮೇಸ್ತ್ರಪ್ಪ. ಅವತ್ತು ಎಷ್ಟು ಜೋರಾಗಂದ್ರೋ ಅಷ್ಟು ಜೋರಾಗಿ."

ಓದಿದೆ. ಬಾವಿಯ ಹತ್ತಿರ ನೀರು ಸೇದುತ್ತಿದ್ದವನು ಹಗ್ಗ ಹಿಡಿದುಕೊಂಡೇ ತಿರುಗಿ ನೋಡಿದ. ಓದಿ ಮುಗಿಸಿದ ಮೇಲೆ ಎಂಟು ತಿಂಗಳಿಂದ ಎದೆಯಲ್ಲಿ ಕೂತಿದ್ದ ಏನೋ ಒಂದು ಇಳಿದುಹೋಯಿತು. ರುಜು ಹಾಕು ಎಂದೆ. ಅವಳಿಗೆ ಬರೆಯಲು ಬಾರದು. ಕರಟದ ಮಣ್ಣು ಮೆತ್ತಿದ ಹೆಬ್ಬೆಟ್ಟನ್ನೇ ಹಾಳೆಯ ಮೇಲೆ ಒತ್ತಿದಳು. ಆಮೇಲೆ ಬುಟ್ಟಿಯ ಮೇಲಿಂದ ಕೈ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಲ್ಲಿ ಇಡಾದು?" ಎಂದು ಕೇಳಿದಳು.

ಅವತ್ತಿನಿಂದ ಹಂಬಿನ ಪಾತಿಗೆ ಅವಳೇ ಯಜಮಾನಿ. ಹಳೇಬೀಡು, ಬೇಲೂರಿನ ಮನೆಗಳಲ್ಲಿ ಒಡೆದ ಕಾಯಿಯ ಕಣ್ಣಿರುವ ಹೋಳನ್ನು ನಮಗಾಗಿ ಎತ್ತಿಡುವ ರೂಢಿಯಾಯಿತು. ಶ್ರಾವಣ, ಭಾದ್ರಪದಗಳಲ್ಲಿ ಆ ಮೂರು ತಾಯಿ, ಇಪ್ಪತ್ತು ಮರಿ ಸೇರಿ ಒಂದು ಪಾತಿಗಾಗುವಷ್ಟು ಮರಿ ಕೊಟ್ಟವು. ಒಂದೂ ಬಾಡಲಿಲ್ಲ. ಕರಟ ಸಮೇತ ಎತ್ತಿ ನೆಡುವ ಜಾಗಕ್ಕೆ ಒಯ್ದು, ಅಲ್ಲಿ ಕರಟ ಒಡೆದರೆ ಬೇರಿಗೆ ಪೆಟ್ಟೇ ಇಲ್ಲ. ಪುಷ್ಯ ಮಾಸದಲ್ಲಿ ಅಧಿಕಾರಿಗಳು ಬಂದಾಗ ಭತ್ತದ ಹುಲ್ಲಿನ ಮೇಲೆ ಹಣ್ಣು ಸಾಲಾಗಿ ಕೆಂಪಗೆ ಕೂತಿದ್ದವು. ಅವರು ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು, ಇದನ್ನು ಬೆಳೆಸಿದವರು ಯಾರು ಎಂದು ಕೇಳಿದರು. ರಾಯರು ನನ್ನ ಕಡೆ ನೋಡಿದರು. ನಾನು ಕೆಂಪಮ್ಮನ ಕಡೆ ಕೈ ತೋರಿಸಿದೆ. ಅವಳು ಎದ್ದು ನಿಲ್ಲದೆ, "ಹುಲ್ಲು ತುಳೀಬ್ಯಾಡಿ ಬುದ್ಧಿ, ಕೆಳಗೆ ಮರಿ ಅವೆ," ಎಂದಳು. ದೊಡ್ಡ ಅಧಿಕಾರಿಗಳು ಕಾಲು ಹಿಂದಕ್ಕೆ ತೆಗೆದುಕೊಂಡರು. ಸಸ್ಯಕ್ಷೇತ್ರ ಉಳಿಯಿತು.

ಮುಂದೆ ಕರಟದ ಪದ್ಧತಿಯನ್ನು ಇಲಾಖೆಯವರು ಒಂದು ಕರಪತ್ರವಾಗಿ ಅಚ್ಚು ಹಾಕಿಸಿದರು. ಅದರಲ್ಲಿ ಕೆಂಪಮ್ಮನ ಹೆಸರಿರಲಿಲ್ಲ, ಕಣ್ಣಿರುವ ಹೋಳೇ ಆಗಬೇಕು ಎಂಬ ಮಾತೂ ಬಿಟ್ಟುಹೋಗಿತ್ತು. ಅದನ್ನು ಓದಿ ಗಿಡ ಕೊಳೆಸಿಕೊಂಡ ಎಷ್ಟೋ ಜನ ನಮ್ಮನ್ನು ಬೈದರು. ಯುದ್ಧದ ಕಾಲದಲ್ಲಿ ಹಣ್ಣು ಬೇಡ, ತರಕಾರಿ ಬೆಳೆಯಿರಿ ಎಂದು ಆಜ್ಞೆ ಬಂದು, ಸ್ಟ್ರಾಬೆರಿ ಪಾತಿ ಅಗೆದು ಆಲೂಗಡ್ಡೆ ಹಾಕಿದೆವು. ಆಗಲೂ ಮಾದಿಹಳ್ಳಿಯ ಗೋಡೆಯ ಮೇಲೆ ಕರಟದ ಸಾಲು ಇತ್ತು. ಯುದ್ಧ ಮುಗಿದ ಮೇಲೆ ಅಲ್ಲಿಂದಲೇ ಮತ್ತೆ ತಂದೆವು. ಈ ಸಲ ನಾನೇ ಬುಟ್ಟಿ ಹೊತ್ತೆ. ಈಗ ತಗಡಿನ ತಟ್ಟೆಗಳು ಬಂದಿವೆ, ಒಳ್ಳೆಯದೇ. ಆದರೆ ಅದಕ್ಕೆ ತೂತು ಕೊರೆಯಲು ಮರೆಯಬೇಡಿ.

ನನಗೆ ವಿದ್ಯೆ ಕೊಟ್ಟವರನ್ನು ನೆನೆಯಲು ಕೂತರೆ ರಾಯರ ನಂತರ ಬರುವುದು ಕಾಲೇಜಿನವರಲ್ಲ. ಹನಿ ಬೀಳುವ ಕಡೆ ಬುಟ್ಟಿ ಇಟ್ಟ ಗುಮಾಸ್ತರು, ಮಡಿಲಲ್ಲಿ ಕುಡಿ ಇಟ್ಟುಕೊಂಡ ಕೆಂಪಮ್ಮ. ರಾಯರು ನಿವೃತ್ತರಾಗಿ ಮೈಸೂರಿಗೆ ಹೋಗುವಾಗ ಆ ಕೆಂಪು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇನ್ನೂ ಹಾಳೆ ಇವೆ," ಎಂದು ನಕ್ಕಿದ್ದರು.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನನ್ನ ನಿವೃತ್ತಿ. ಹೊಸ ಹುಡುಗರು ಮಾವಿನ ಮರದ ಕೆಳಗೆ ಬೆಂಚು ಹಾಕಿ, ಹಾರ ತಂದು ಸಭೆ ಮಾಡಿದರು. ಒಬ್ಬರಾದ ಮೇಲೊಬ್ಬರು ಎದ್ದು ನನ್ನ ಕೈಗುಣವನ್ನು ಹೊಗಳಿದರು. ಸ್ಟ್ರಾಬೆರಿಯನ್ನು ಈ ಸೀಮೆಗೆ ತಂದು ಬೆಳೆಸಿದ ಮಹನೀಯರು ಎಂದು ಒಬ್ಬ ಹುಡುಗ ಹೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೆಂಪಮ್ಮ ಕೂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಕಿವಿ ಮಂದವಾಗಿತ್ತು, ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಮಾದಿಹಳ್ಳಿಯಿಂದ ಸೊಸೆಯ ಕೈ ಹಿಡಿದುಕೊಂಡು ಬಂದಿದ್ದಳು.

ನನ್ನ ಸರದಿ ಬಂದಾಗ ಭಾಷಣ ಮಾಡಲು ತೋಚಲಿಲ್ಲ. ಕೊಟ್ಟಿಗೆಗೆ ಹೋಗಿ ಗೂಟದಿಂದ ಪುಸ್ತಕ ತೆಗೆದುಕೊಂಡು ಬಂದೆ. ಪುಟ ಹುಡುಕಬೇಕಾಗಲಿಲ್ಲ, ಅದಾಗಿಯೇ ತೆರೆದುಕೊಂಡಿತು. ನನ್ನ ಶಾಯಿ ಮಾಸಿತ್ತು, ಮಣ್ಣಿನ ಹೆಬ್ಬೆಟ್ಟು ಹಾಗೇ ಇತ್ತು. ಮೊದಲು ಕಳವು ಎಂದು ಬರೆದದ್ದನ್ನು ಓದಿದೆ. ಹುಡುಗರು ಮುಖ ಮುಖ ನೋಡಿಕೊಂಡರು. ಆಮೇಲೆ ಅದರ ಕೆಳಗಿನದಕ್ಕೆ ಬಂದೆ. "ಮೇಲಿನದು ತಪ್ಪು" ಎನ್ನುವುದನ್ನು ತಲೆ ತಗ್ಗಿಸಿ, ಪುಸ್ತಕಕ್ಕೇ ಹೇಳುವ ಹಾಗೆ ಓದಿದೆ.

ಹಿಂದಿನ ಸಾಲಿನಿಂದ ಕೆಂಪಮ್ಮ ಕಿವಿಗೆ ಕೈ ಅಡ್ಡ ಹಿಡಿದು ಹೇಳಿದಳು: "ಕೇಳಿಸ್ತಿಲ್ಲ. ಜೋರಾಗಿ ಓದಿ ಮೇಸ್ತ್ರಪ್ಪ."

ನಾನು ಮೊದಲಿನಿಂದ ಮತ್ತೆ ಓದಿದೆ, ಜೋರಾಗಿ.